ಇನ್ನೊಬ್ಬನ ರೊಟ್ಟಿ ಗಂಟು

ಇವತ್ತು ಮಧ್ಯಾಹ್ನ ಮಸ್ಕಿಯಿಂದ ಸಿಂಧನೂರಿಗೆ ಬರುವ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಎರಡು ರೊಟ್ಟಿ ಗಂಟುಗಳಿದ್ದವು. ಒಂದು ನೀಲಿ ಚೌಕಡಿಯ ಬಟ್ಟೆಯದು, ಇನ್ನೊಂದು ಹಸಿರು ಅಂಚಿನ ಬಿಳಿ ಬಟ್ಟೆಯದು. ನೀಲಿ ಗಂಟು ನನ್ನದು. ಬಿಳಿಯದು ನನ್ನದಲ್ಲ, ಅದನ್ನು ಸಿಂಧನೂರಿನಲ್ಲಿ ಅಮರೇಶ ಎಂಬವನಿಗೆ ಮುಟ್ಟಿಸಬೇಕಿತ್ತು. ಬಸ್ಸು ಕುಲುಕಿದಾಗಲೆಲ್ಲ ಬೆಳ್ಳುಳ್ಳಿ ಹಾಕಿ ಕುಟ್ಟಿದ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಘಮ್ಮೆಂದು ಮೇಲೇಳುತ್ತಿತ್ತು. ಯಾವ ಗಂಟಿನಿಂದ ಹೆಚ್ಚು ಬರುತ್ತಿದೆ ಎಂದು ಒಂದೊಂದನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಹಸಿವ್ಯಾಗೇತೇನಪಾ? ಬಿಚ್ಚಿ ತಿನ್ನು, ಬಸ್ಸಿನ್ಯಾಗ ಯಾರ ಏನಂತಾರ" ಎಂದರು. ಅದು ಹಸಿವೆಯಲ್ಲ ಎಂದು ಅವರಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು. ಅದು ಹೊಟ್ಟೆಕಿಚ್ಚು.

ಸಂತೆಕಲ್ಲೂರಿನ ನಮ್ಮ ಅಜ್ಜಿ ಹೇಳುತ್ತಿದ್ದಳು: "ಹೊಟ್ಟಿಕಿಚ್ಚಿಗೆ ಒಲಿ ಬ್ಯಾಡ, ಕಟ್ಟಿಗಿ ಬ್ಯಾಡ, ತಾನ ಉರಿತೈತಿ. ಆದರ ಅದರ ಮ್ಯಾಲ ಒಂದ ರೊಟ್ಟಿನೂ ಬೇಯೂದಿಲ್ಲ ನೋಡು." ಅಜ್ಜಿಯ ಮಾತುಗಳನ್ನು ನಾನು ಸಾಮಾನ್ಯವಾಗಿ ಒಪ್ಪುತ್ತೇನೆ. ಈ ಒಂದು ಮಾತಿನಲ್ಲಿ ಮಾತ್ರ ಅವಳಿಗೂ ನನಗೂ ಸಣ್ಣ ತಕರಾರಿದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದೇ ರೊಟ್ಟಿಯಿಂದ.

ನಾನು ಮಾಡುವ ಕೆಲಸಕ್ಕೆ ನೇಮಕದ ಆದೇಶದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರಿದೆ. ನಮ್ಮ ಕಡೆಯ ಜನ ಅದನ್ನು ‘ಕಂಪ್ಯೂಟರ್ ನೋಡಾವ’ ಎಂದು ಇಳಿಸಿಕೊಂಡಿದ್ದಾರೆ. ದನ ನೋಡುವವ, ಹೊಲ ನೋಡುವವ ಇದ್ದ ಹಾಗೆ ಕಂಪ್ಯೂಟರ್ ನೋಡುವವ. ನಮ್ಮದೊಂದು ಪತ್ತಿನ ಸಹಕಾರಿ ಸಂಘ. ಸಿಂಧನೂರಿನಲ್ಲಿ ಮುಖ್ಯ ಕಚೇರಿ, ಮಸ್ಕಿಯಲ್ಲೊಂದು ಶಾಖೆ, ಲಿಂಗಸುಗೂರಿನಲ್ಲೊಂದು ಶಾಖೆ. ಈ ಮೂರೂ ಊರಿನ ಕಂಪ್ಯೂಟರ್, ಪ್ರಿಂಟರ್, ಬ್ಯಾಟರಿ, ವಯರು ಎಲ್ಲ ನನ್ನ ಕೊರಳಿಗೆ. ಕರೆಂಟಿನಿಂದ ನಡೆಯುವ ವಸ್ತು ಯಾವುದೇ ಇರಲಿ, ಅದು ನನ್ನ ಇಲಾಖೆ ಎಂದು ಎಲ್ಲರೂ ಒಮ್ಮತಕ್ಕೆ ಬಂದಿದ್ದಾರೆ. ಫ್ಯಾನು, ಕೂಲರು, ಒಮ್ಮೊಮ್ಮೆ ಮ್ಯಾನೇಜರರ ಮನೆಯ ಮಿಕ್ಸರು ಕೂಡ ನನ್ನ ಕೈ ದಾಟಿ ಹೋಗಿವೆ.

ಈ ಕೆಲಸದ ಸಂಕಟ ಏನೆಂದರೆ, ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ನೀವು ಬದುಕಿದ್ದೀರೆಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ಕ್ಷಣದಲ್ಲಿ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ. ಒಮ್ಮೆ ಲಿಂಗಸುಗೂರಿನ ಮ್ಯಾನೇಜರ್ ಫೋನು ಮಾಡಿ, "ಮಷಿನ್ ಪೂರಾ ಸತ್ತೈತಿ ರೀ, ಇದ್ದದ್ದು ಇದ್ದಂಗ ಎದ್ದು ಬರ್ರಿ" ಎಂದರು. ಬಿಸಿಲಿನಲ್ಲಿ ಬಸ್ಸು ಹಿಡಿದು ಹೋದೆ. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತು ಆ ಜಾಗದಲ್ಲಿ ಬೆಳೆಗೆ ಔಷಧ ಹೊಡೆಯುವ ಬ್ಯಾಟರಿ ಪಂಪನ್ನು ಚಾರ್ಜಿಗೆ ಹಾಕಿದ್ದಾರೆ. "ತೊಗರಿಗೆ ಹುಳ ಬಿದ್ದೈತ್ರಿ, ಊರಾಗ ಕರೆಂಟ್ ಇಲ್ಲ, ಅದಕ್ಕ ತಂದಿದ್ದೆ" ಎಂದರು, ಅದೇನು ದೊಡ್ಡ ವಿಷಯವೇ ಎಂಬ ಹಾಗೆ. ನಾನು ಪ್ಲಗ್ಗು ಚುಚ್ಚಿದೆ. ಪರದೆ ಬೆಳಗಿತು. "ನೀವ್ ಬಂದ್ರ ಸಾಕ ನೋಡ್ರಿ, ಮಷಿನ್ ನಿಮಗ ಅಂಜತೈತಿ" ಎಂದು ಅವರು ಮೆಚ್ಚಿಕೊಂಡರು. ಇಂಥ ಮೆಚ್ಚುಗೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ಪಾಸ್‌ವರ್ಡ್. ಮರೆಯದವರಿಲ್ಲ. ಎಲ್ಲರೂ ತಮ್ಮ ತಮ್ಮ ಮನೆದೇವರ ಹೆಸರನ್ನೇ ಇಟ್ಟುಕೊಂಡಿರುತ್ತಾರೆ, ಆದರೂ ಮರೆಯುತ್ತಾರೆ. ಹಾಗಾಗಿ ಮೂರು ಊರಿನ ನಮ್ಮ ನೌಕರರಲ್ಲಿ ಯಾರ ಮನೆದೇವರು ಯಾವುದು ಎಂಬುದು ನನಗೆ ಬಾಯಿಪಾಠ. ಮದುವೆ ಕುದುರಿಸುವ ಹಿರಿಯರು ನನ್ನನ್ನು ಕೇಳಿದರೆ ಅನುಕೂಲವಾದೀತು.

ಇವರೆಲ್ಲರಿಗಿಂತ ಹೆಚ್ಚು ಫೋನು ಬರುತ್ತಿದ್ದದ್ದು ಮಸ್ಕಿ ಶಾಖೆಯ ಕ್ಯಾಶಿಯರ್ ಶಾಂತಕ್ಕನಿಂದ. ಶಾಂತಕ್ಕ ನನಗಿಂತ ಹಿರಿಯಳು. ದೊಡ್ಡ ಕುಂಕುಮ, ಕನ್ನಡಕಕ್ಕೆ ದಾರ, ಹಣ ಎಣಿಸುವ ಬೆರಳಿಗೆ ಸದಾ ಒದ್ದೆ ಸ್ಪಂಜು. ನಾನು ಕ್ಷೌರದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಾಗ ಅವಳ ಫೋನು ಬರುತ್ತಿತ್ತು. ಊಟಕ್ಕೆ ಕೂತಾಗ ಬರುತ್ತಿತ್ತು. ಬೀಗರ ಮನೆಯ ಹಂದರದಲ್ಲಿ ಅಕ್ಷತೆ ಹಿಡಿದು ನಿಂತಾಗಲೂ ಬಂದಿದೆ.

"ಸರ್ರ, ಬಾಣ ಕಾಣವಲ್ತ್ರಿ."

"ಯಾವ ಬಾಣ ಅಕ್ಕಾ?"

"ಅದ ರೀ, ಪರದೆ ಮ್ಯಾಲ ಓಡ್ಯಾಡ್ತೈತಲ್ಲ, ಆ ಬಾಣ."

"ಮೌಸ್ ಅಲ್ಲಾಡಿಸ್ರಿ."

"ಅಲ್ಲಾಡಿಸಿದೆ ರೀ. ಹಾಂ, ಮೂಲ್ಯಾಗ ಅಡಗಿ ಕುಂತಿತ್ತು, ಬಂತು ಬಂತು. ಊಟ ಆತೇನ್ರಿ?"

ಪ್ರತಿ ಫೋನಿನ ಕೊನೆಗೂ ಆ ಮಾತು ಇದ್ದೇ ಇರುತ್ತಿತ್ತು, ಊಟ ಆತೇನ್ರಿ. ನೊರೆ ಒಣಗಿ ಮುಖ ಬಿಗಿಯುತ್ತಿದ್ದ ನನಗೆ ಆಗ ಅದರ ಬೆಲೆ ಎಲ್ಲಿ ತಿಳಿಯಬೇಕು? ಕಡೆಗೆ ಒಂದು ದಿನ ಮೂರೂ ಕಡೆಯ ನೌಕರರು ಸೇರಿದ್ದ ಸಭೆಯಲ್ಲಿ ನಾನು ಎದ್ದು ನಿಂತು, "ಸಣ್ಣ ಸಣ್ಣದಕ್ಕೆಲ್ಲ ಫೋನ್ ಮಾಡಬ್ಯಾಡ್ರಿ, ದೊಡ್ಡದಿದ್ರ ಅಷ್ಟ ಮಾಡ್ರಿ" ಎಂದು ಘೋಷಿಸಿದೆ. ಯಾರೂ ಕೇಳಲಿಲ್ಲ. ಮರುದಿನವೂ ಬಾಣ ಕಳೆಯಿತು. ಸೋತು ಸುಣ್ಣವಾಗಿ ಮುಖ್ಯ ಕಚೇರಿಯ ಸಾಹೇಬರ ಮುಂದೆ ನಿಂತು, "ನನಗೊಬ್ಬರನ್ನ ಜೋಡಿ ಕೊಡ್ರಿ, ಇಲ್ಲಾಂದ್ರ ಈ ಫೋನ್ ನೀವ ಇಟಗೋರಿ" ಎಂದೆ.

ಕೊಟ್ಟರು. ಬಂದವನು ಅಮರೇಶ, ಮುಕ್ಕುಂದದವನು. ನನಗಿಂತ ಒಂದೆರಡು ವರ್ಷ ಚಿಕ್ಕವ. ದುಂಡು ಮುಖ, ನಗುವಾಗ ಕಣ್ಣು ಮುಚ್ಚಿಹೋಗುತ್ತವೆ. ಕೆಲಸದಲ್ಲಿ ನನಗಿಂತ ಹೆಚ್ಚಿನವನೇನಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅಥವಾ ಪೂರ್ತಿ ಅದರಿಂದಲೇ ಹೇಳುತ್ತಿಲ್ಲ. ತೊಡಕಾದರೆ ಅವನು ನನಗೇ ಫೋನು ಮಾಡಿ ಕೇಳುತ್ತಿದ್ದ. ಆದರೆ ಶಾಖೆಗೆ ಕಾಲಿಡುವ ರೀತಿಯೇ ಬೇರೆ. ನಾನು ಚೀಲ ಹಿಡಿದು ಒಳಗೆ ಹೋದರೆ ನೇರ ಮೇಜಿನ ಕೆಳಗೆ. ಮೂರೂ ಊರಿನಲ್ಲಿ ಜನ ನನ್ನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಾರೆ. ಅಮರೇಶ ಮೊದಲು ಕೊಡದ ಹತ್ತಿರ ಹೋಗಿ ನೀರು ಕುಡಿಯುತ್ತಿದ್ದ. ಆಮೇಲೆ ಕೂರುತ್ತಿದ್ದ. "ಅಕ್ಕಾ, ನಿನ್ನ ಮಣಕಾಲ ನೋವು ಹ್ಯಾಂಗೈತಿ? ನಾ ಹೇಳಿದ ಎಣ್ಣಿ ಹಚ್ಚಿದ್ಯಾ?" ಎಂದು ಕೇಳುತ್ತಿದ್ದ. ಮಣಕಾಲು ಮುಗಿದು, ಮಳೆ ಮುಗಿದು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದೂ ಮುಗಿದ ಮೇಲೆ, "ಅಂದ್ಹಂಗ, ಏನೋ ಕೆಟ್ಟೈತಿ ಅಂದ್ಯಲ್ಲ" ಎಂದು ಕಂಪ್ಯೂಟರಿನ ಕಡೆ ತಿರುಗುತ್ತಿದ್ದ, ಅದೂ ಮನೆಯ ಒಂದು ಮಗು ಎಂಬ ಹಾಗೆ.

ಮೊದಮೊದಲು ನನಗೆ ಸ್ವರ್ಗ. ಕ್ಷೌರ ಪೂರ್ತಿಯಾಯಿತು, ಊಟ ಪೂರ್ತಿಯಾಯಿತು, ಮಧ್ಯಾಹ್ನ ಹತ್ತು ನಿಮಿಷ ಕಣ್ಣು ಮುಚ್ಚುವ ಯೋಗವೂ ಬಂತು. ಆಮೇಲೆ ನಿಧಾನಕ್ಕೆ ಒಂದು ಅನುಮಾನ ಶುರುವಾಯಿತು. ಕೆಲಸ ಅರ್ಧಕ್ಕರ್ಧ ಹಂಚಿಹೋದರೆ ಫೋನೂ ಅರ್ಧವಾಗಬೇಕು. ಇಲ್ಲಿ ಫೋನು ಪೂರ್ತಿ ನಿಂತುಹೋಗಿದೆ. ನೆಟ್‌ವರ್ಕ್ ಇಲ್ಲವೇನೋ ಎಂದು ಮಾಳಿಗೆ ಹತ್ತಿ ನೋಡಿದೆ. ಗಂಟೆ ಕೇಳಿಸುತ್ತಿಲ್ಲವೇನೋ ಎಂದು ಹೆಂಡತಿಯ ಫೋನಿನಿಂದ ಮಾಡಿಸಿ ನೋಡಿದೆ. ಮನೆ ಹಾರುವ ಹಾಗೆ ಬಾರಿಸಿತು. ಅವಳು ರೊಟ್ಟಿಯ ಹಿಟ್ಟು ನಾದುತ್ತಲೇ, "ಚಲೋನ ಬಡಕೊಳ್ಳಾಕತ್ತೈತಿ. ಯಾರೂ ಮಾಡವಲ್ರು, ಅಷ್ಟ" ಎಂದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ನನಗೆ ಹೇಳಿದ ಸತ್ಯಗಳಲ್ಲಿ ಇದು ಬಹಳ ಚೂಪಾದದ್ದು.

ಇತ್ತ ಅಮರೇಶನ ಫೋನು ಒಂದೇ ಸವನೆ. ಸಿಂಧನೂರಿನ ಕಚೇರಿಯಲ್ಲಿ ನನ್ನ ಎದುರಿಗೇ ಅವನ ಮೇಜು. "ಹೇಳಬೇ ಅಕ್ಕಾ... ಎಲ್ಲಿ ಹೋಗತೈತಿ ಬಾಣ, ಮೂಲ್ಯಾಗ ನೋಡು... ಬಂತಾ? ಆತು ಆತು, ಊಟ ಆತು. ನಿಂದು?" ನನ್ನ ಬಾಣ, ನನ್ನ ಊಟ ಆತೇನ್ರಿ. ನಾನು ಮುಂದಿದ್ದ ಪರದೆಯನ್ನೇ ದಿಟ್ಟಿಸಿ, ಬಹಳ ದೊಡ್ಡ ಕೆಲಸ ಮಾಡುತ್ತಿರುವವನ ಹಾಗೆ ಕೀಲಿಗಳನ್ನು ಒತ್ತುತ್ತಿದ್ದೆ. ಇನ್ನೊಂದು ಸಂಗತಿ ಗಮನಿಸಿದಿರೋ ಇಲ್ಲವೋ. ಅವನು ಅವಳಿಗೆ ‘ಬೇ ಅಕ್ಕಾ’, ಅವಳು ಅವನಿಗೆ ‘ಅಮರೇಶ, ನೀ’. ನಾನು ಅಷ್ಟು ವರ್ಷ ಫೋನೆತ್ತಿ ಸವೆದರೂ ಅವಳ ಬಾಯಲ್ಲಿ ‘ಸರ್ರ, ನೀವು’. ಮರ್ಯಾದೆ ಕೂಡ ಒಮ್ಮೊಮ್ಮೆ ಬಾಗಿಲು ಮುಚ್ಚುವ ರೀತಿಯೇ.

ಈಗ ರೊಟ್ಟಿಗೆ ಬರುತ್ತೇನೆ. ಶಾಂತಕ್ಕನ ತವರು ಬಳಗಾನೂರು. ಅವಳ ತವರಿನಲ್ಲಿ ಒಂದು ರಿವಾಜು: ಕೆಲಸಕ್ಕೆಂದು ಯಾರನ್ನು ಕರೆದಿದ್ದರೋ ಅವರು ಬರಿಗೈಯಲ್ಲಿ ತಿರುಗಿ ಹೋಗಬಾರದು. ಭತ್ತ ನಾಟಿಗೆ ಬಂದವರಿರಲಿ, ನೆಗ್ಗಿದ ಕೊಡ ಸರಿಮಾಡಲು ಬಂದವನಿರಲಿ, ಕೂಲಿಯ ಮಾತು ಬೇರೆ, ಸಂಜೆ ಹೊರಡುವಾಗ ಕೈಗೊಂದು ರೊಟ್ಟಿ ಗಂಟು. ಆ ರಿವಾಜನ್ನು ಅವಳು ಮಸ್ಕಿಯ ಕಚೇರಿಗೂ ತಂದಿದ್ದಳು. ನನ್ನನ್ನು ಕರೆದ ದಿನ ತನ್ನ ಬುತ್ತಿಯ ಜೊತೆಗೆ ಇನ್ನೊಂದು ಗಂಟು ಮನೆಯಿಂದಲೇ ಕಟ್ಟಿಕೊಂಡು ಬರುತ್ತಿದ್ದಳು. ವರ್ಷಗಟ್ಟಲೆ ಆ ಗಂಟು ನನ್ನದಾಗಿತ್ತು. ತೆಳ್ಳಗೆ ಬಡಿದ ಎಳ್ಳು ಹಚ್ಚಿದ ರೊಟ್ಟಿ, ಬೆಳ್ಳುಳ್ಳಿಯ ಶೇಂಗಾ ಹಿಂಡಿ. ನಾನದನ್ನು ಬಸ್ಸಿನಲ್ಲೇ ಅರ್ಧ ಮುಗಿಸಿ, ಉಳಿದದ್ದನ್ನು ಮನೆಗೆ ತಂದು, "ನೋಡು, ನಮ್ಮ ಕೆಲಸಕ್ಕ ಕಿಮ್ಮತ್ತೈತಿ" ಎಂದು ಹೆಂಡತಿಯ ಮುಂದೆ ಇಡುತ್ತಿದ್ದೆ.

ಅಮರೇಶ ಬಂದು ಕೆಲವು ತಿಂಗಳಿಗೆ ನಾವಿಬ್ಬರೂ ಕೂಡಿ ಮಸ್ಕಿಗೆ ಹೋಗಬೇಕಾಯಿತು. ಕೆಲಸ ಮುಗಿಯಿತು. ಶಾಂತಕ್ಕ ಎದ್ದು ಒಳಗಿನಿಂದ ಗಂಟು ತಂದಳು. ನಾನು ಕೈ ಅರ್ಧ ಮುಂದೆ ಮಾಡಿದ್ದೆ, ನಿಜ ಹೇಳುತ್ತೇನೆ. ಆ ಗಂಟು ನನ್ನ ಕೈಯನ್ನು ದಾಟಿ ಅಮರೇಶನ ಕೈಗೆ ಹೋಯಿತು. "ಹಿಡಿ ಅಮರೇಶ. ಗಂಟಿನ ಅರಿಬಿ ತಿರುಗಿ ತಂದುಕೊಡು, ಹೋದ ಸರ್ತಿದೂ ನುಂಗೀದಿ" ಎಂದಳು. ಹೋದ ಸರ್ತಿ. ಅಂದರೆ ಇದು ಮೊದಲನೆಯದಲ್ಲ. ನಾನು ಚಾಚಿದ ಕೈಯಿಂದ ತಲೆ ಕೆರೆದುಕೊಂಡೆ. ಅವಳು ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಸರ್ರ, ನಿಮಗ ಚಾ ಹೇಳ್ಲೇನ್ರಿ?" ಎಂದಳು. ರೊಟ್ಟಿ ಮನೆಯದು, ಚಹಾ ಅಂಗಡಿಯದು. ಈ ಎರಡರ ನಡುವಿನ ಅಂತರ ತಿಳಿಯದವನು ನಮ್ಮ ಸೀಮೆಯವನಲ್ಲ.

ಅಮರೇಶ ಬಸ್ಸಿನಲ್ಲಿ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದ. "ತಗೋ ಅಣ್ಣಾ." ನಾನು ಹಸಿವಿಲ್ಲ ಎಂದೆ. ಸಿಂಧನೂರು ಬರುವವರೆಗೂ ಅವನು ಕಟುಂ ಕುಟುಂ ಎಂದು ತಿನ್ನುವುದನ್ನು ಕೇಳುತ್ತ, ಕಿಟಕಿಯಾಚೆ ಹಸಿರು ಗದ್ದೆಗಳನ್ನು ನೋಡುತ್ತ ಕೂತೆ. ಕಡಕ್ ರೊಟ್ಟಿಯಷ್ಟು ಸದ್ದು ಮಾಡುವ ಊಟ ಲೋಕದಲ್ಲಿ ಇನ್ನೊಂದಿಲ್ಲ.

ಹೊಟ್ಟೆಕಿಚ್ಚಿನವನು ಕಾರಣ ಹುಡುಕದೆ ಬಿಡುವುದಿಲ್ಲ. ನನಗೆ ಸಿಕ್ಕ ಕಾರಣ ಅಮಾವಾಸ್ಯೆ. ನಮ್ಮ ಕಡೆ ಅಂಗಡಿ, ಗಿರಣಿ, ಟ್ರ್ಯಾಕ್ಟರು ಎಲ್ಲದಕ್ಕೂ ಅಮಾವಾಸ್ಯೆಯ ಪೂಜೆ ಇದ್ದದ್ದೇ. ಮಸ್ಕಿ ಶಾಖೆಯಲ್ಲಿ ಅದು ಕಂಪ್ಯೂಟರಿಗೂ ನಡೆಯುತ್ತಿತ್ತು. ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಅದರ ಮುಂದೆಯೇ ಕಾಯಿ ಒಡೆಯುತ್ತಿದ್ದರು. ಕೀಲಿಗಳ ಸಂದಿಯಲ್ಲಿ ಅಕ್ಷತೆ. ಒಂದು ಅಮಾವಾಸ್ಯೆ ಎಳನೀರಿನಷ್ಟು ಕಾಯಿನೀರು ನೇರ ಪೆಟ್ಟಿಗೆಯ ಒಳಗೇ ಇಳಿದು, ಆ ಶಾಖೆಗೆ ನಾನು ಮೊಟ್ಟಮೊದಲು ಕೂರಿಸಿದ್ದ ಮಷಿನ್ನು ಚಟ್ ಎಂದು ಪ್ರಾಣಬಿಟ್ಟಿತು. ನಾನು ಉರಿದುಬಿದ್ದು ಗೋಡೆಗೊಂದು ಸೂಚನೆ ಅಂಟಿಸಿದೆ: ‘ಗಣಕಯಂತ್ರಗಳಿಗೆ ಪೂಜೆ ಮಾಡುವುದನ್ನು ನಿಷೇಧಿಸಲಾಗಿದೆ.’ ಮುಂದಿನ ಸಲ ಹೋಗಿ ನೋಡಿದರೆ ಆ ಸೂಚನೆಯ ಹಣೆಗೇ ಮೂರು ಬೆರಳಿನ ವಿಭೂತಿ ಎಳೆದಿದ್ದರು.

ಅಮರೇಶ ಬಂದ ಮೇಲೆ ಆ ಸೂಚನೆ ಮಾಯವಾಯಿತು. ಪೂಜೆ ಭರಾಟೆಯಿಂದ ನಡೆಯುತ್ತಿದೆ, ಅವನೂ ಹೋಗಿ ಕೈಮುಗಿದು ಕಾಯಿ ತಿಂದು ಬರುತ್ತಾನೆ ಎಂದು ಸುದ್ದಿ ಬಂತು. ನನ್ನ ಎದೆಯಲ್ಲಿ ತಂಗಾಳಿ ಬೀಸಿತು. ಸಿಕ್ಕಿತು, ಇವನ ಗುಟ್ಟು ಇದು: ಕೆಲಸ ಅಲ್ಲ, ಕೊಬ್ಬರಿ. ಆಗಲಿ, ಕಾಯಿನೀರು ತನ್ನ ಕೆಲಸ ತಾನು ಮಾಡೀತು. ಮಷಿನ್ನು ಸಾಯುತ್ತದೆ, ಆಗ ಶಾಂತಕ್ಕನಿಗೆ ಯಾರು ನೆನಪಾಗುತ್ತಾರೆ? ನಾನು ಕಾದೆ. ಒಂದು ಅಮಾವಾಸ್ಯೆ ಹೋಯಿತು, ಇನ್ನೊಂದು ಹೋಯಿತು. ಮಷಿನ್ನು ಗಟ್ಟಿಮುಟ್ಟಾಗಿಯೇ ಇತ್ತು. ತಡೆಯಲಾಗದೆ ಮುಂದಿನ ಅಮಾವಾಸ್ಯೆಗೆ ನಾನೇ ಹೊರಟೆ. ಚೀಲದಲ್ಲಿ ಒಂದು ಹೊಸ ಕೀಬೋರ್ಡನ್ನೂ ಇಟ್ಟುಕೊಂಡೆ, ಬೇಕಾಗುತ್ತದೆ ಎಂಬ ಭರವಸೆಯಿಂದ. ಬೀಗರ ಮನೆಯಲ್ಲಿ ಅನ್ನ ಸೀದುಹೋಗಲಿ ಎಂದು ಹರಸುತ್ತ ಊಟಕ್ಕೆ ಹೊರಟವನ ಹಾಗಿತ್ತು ನನ್ನ ಅವತಾರ.

ಮಸ್ಕಿಗೆ ಹೋದಾಗ ಕರ್ಪೂರದ ಹೊಗೆ ಬಾಗಿಲಿಗೇ ಬಂದು ಸ್ವಾಗತಿಸಿತು. ಒಳಗೆ ನೋಡುತ್ತೇನೆ, ಕೆಲಸ ಮಾಡುವ ಕಂಪ್ಯೂಟರುಗಳು ಒಣಒಣಗೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿವೆ. ಹಣೆಯ ಮೇಲೆ ಒಂದೊಂದು ಸಣ್ಣ ಗಂಧದ ಬೊಟ್ಟು, ಅಷ್ಟೇ. ಮೂಲೆಯಲ್ಲಿ ಒಂದು ಎತ್ತರದ ಸ್ಟೂಲು. ಅದರ ಮೇಲೆ ಕೆಂಪು ವಸ್ತ್ರ. ವಸ್ತ್ರದ ಮೇಲೆ ಕಾಯಿನೀರು ಕುಡಿದು ಸತ್ತಿದ್ದ ನನ್ನ ಆ ಮೊದಲ ಮಷಿನ್ನು. ಮೆಟ್ಟಿಲ ಕೆಳಗಿನ ಗುಜರಿಯಿಂದ ತಂದು ಒರೆಸಿ ಕೂರಿಸಿದ್ದಾರೆ. ವಯರುಗಳನ್ನು ಜಡೆಯ ಹಾಗೆ ಹೆಣೆದು ಹಿಂದಕ್ಕೆ ಇಳಿಬಿಟ್ಟಿದ್ದಾರೆ. ಹಾರ, ವಿಭೂತಿ, ಅಕ್ಷತೆ, ಕಾಯಿ, ನೀರು, ಎಲ್ಲ ವೈಭವವೂ ಅದಕ್ಕೆ.

ಶಾಂತಕ್ಕ ಆರತಿಯ ತಟ್ಟೆ ಹಿಡಿದೇ ಹೇಳಿದಳು: "ಇದು ಪಲ್ಲಕ್ಕಿ ದೇವ್ರು ರೀ ಸರ್ರ. ಒಳಗಿನ ದೇವ್ರಿಗೆ ನೀರು ತಾಗಬಾರದಂತ ನೀವ ಹೇಳಿದ್ರೆಲ್ಲ. ಅದಕ್ಕ ಅಮರೇಶ ಇದನ್ನ ತಂದು ಕುಂದ್ರಿಸ್ಯಾನ. ಏನ್ ಹಾಕೂದೈತಿ ಇದಕ್ಕ ಹಾಕ್ರಿ ಅಂದಾನ."

ನೀವು ನಮ್ಮ ಸೀಮೆಯವರಾದರೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡಿಯೊಳಗೆ ಒಂದು ದೇವರು, ಅದು ಅಲುಗುವುದಿಲ್ಲ. ಊರ ಮೆರವಣಿಗೆಗೆ ಬರುವುದು ಇನ್ನೊಂದು ಸಣ್ಣ ಮೂರ್ತಿ, ಪಲ್ಲಕ್ಕಿಯದು. ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೇನೆ. ಆದರೂ ಸೂಚನೆ ಬರೆಯಲು ಹೊಳೆಯಿತು, ಇದು ಹೊಳೆಯಲಿಲ್ಲ. ಚೀಲದಲ್ಲಿದ್ದ ಹೊಸ ಕೀಬೋರ್ಡು ಕಲ್ಲಿನ ಹಾಗೆ ಭಾರವಾಯಿತು. ಆ ಹೊತ್ತು ನನಗೆ ಅಮರೇಶನ ರೊಟ್ಟಿಯ ಮೇಲಿದ್ದದ್ದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಈ ಒಂದು ಉಪಾಯದ ಮೇಲೆ ಬಂತು. ರೊಟ್ಟಿಯನ್ನಾದರೂ ನಾಳೆ ಯಾರಾದರೂ ಬಡಿದುಕೊಟ್ಟಾರು. ಅವನಿಗೆ ಹೊಳೆದದ್ದು ನನಗೆ ಇನ್ನೊಮ್ಮೆ ಹೇಗೆ ಹೊಳೆದೀತು? ಕೈಗೆ ಕೊಟ್ಟ ಕೊಬ್ಬರಿಯನ್ನು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು, ಅದೂ ಒಂದು ಅವಮಾನ.

ಅಮರೇಶ ಹೋದ ವರ್ಷ ನೌಕರಿ ಬಿಟ್ಟ. ಸಿಂಧನೂರು ಬಸ್‌ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ಸ್ವಂತ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದ. ಬೀಳ್ಕೊಡುವ ದಿನ ಎಲ್ಲರ ಕಣ್ಣು ಒದ್ದೆಯಾದವು. ನಾನು ಮನಸ್ಸಿನಲ್ಲಿ ಫೋನಿನ ಗಂಟೆಯನ್ನು ಜೋರು ಮಾಡಿಟ್ಟುಕೊಂಡೆ. ಇನ್ನು ಬಾಣ ಕಳೆದರೆ ಶಾಂತಕ್ಕ ಎಲ್ಲಿ ಹೋಗುತ್ತಾಳೆ?

ಎಲ್ಲೂ ಹೋಗಲಿಲ್ಲ. ಅಮರೇಶನ ಅಂಗಡಿಗೇ ಫೋನು ಮಾಡಿದಳು. ಒಂದು ಸಲ ಆ ದಾರಿಯಲ್ಲಿ ಹೋಗುವಾಗ ಕಿವಿಯಾರೆ ಕೇಳಿದೆ, ಗಿರಾಕಿಗಳನ್ನು ನಿಲ್ಲಿಸಿಕೊಂಡು ಅವನು, "ಮೂಲ್ಯಾಗ ನೋಡಬೇ ಅಕ್ಕಾ" ಎನ್ನುತ್ತಿದ್ದ. ಪಗಾರ ತೆಗೆದುಕೊಳ್ಳುವವನು ನಾನು, ಫೋನು ಬರುವುದು ನೌಕರಿ ಬಿಟ್ಟವನಿಗೆ. ಇಂಥ ಅನ್ಯಾಯಕ್ಕೆ ಯಾವ ಕೋರ್ಟಿನಲ್ಲಿ ದಾವೆ ಹೂಡಬೇಕು ಹೇಳಿ.

ಇವತ್ತು ಮಸ್ಕಿ ಶಾಖೆಗೆ ಹೊಸ ಕಂಪ್ಯೂಟರುಗಳು ಬಂದವು. ಕೂರಿಸಲು ನಾನು ಹೋಗಿದ್ದೆ. ಕೆಲಸ ಮುಗಿದಾಗ ಶಾಂತಕ್ಕ ಎರಡು ಗಂಟು ತಂದು ಮೇಜಿನ ಮೇಲಿಟ್ಟಳು. "ನೀಲಿದು ನಿಮ್ದು ರೀ. ಬಿಳಿದು ಅಮರೇಶಗ, ದಾರ್ಯಾಗ ಕೊಟ್ಟು ಹೋಗ್ರಿ. ಈ ತಿಂಗಳ ಬಾಳ ಕಾಡೀನಿ ಅವಗ." ಅಷ್ಟು ವರ್ಷಗಳ ಮೇಲೆ ನನಗೊಂದು ಗಂಟು ಬಂದಿತ್ತು. ಸುಮ್ಮನೆ ತೆಗೆದುಕೊಂಡು ಬರುವ ಜಾಣತನ ನನಗಿದ್ದರೆ ಈ ಪ್ರಬಂಧದ ಅಗತ್ಯವೇ ಇರುತ್ತಿರಲಿಲ್ಲ. ಕೇಳಿಯೇಬಿಟ್ಟೆ.

"ಅಕ್ಕಾ, ಅವ ನೌಕರಿ ಬಿಟ್ಟು ವರ್ಷಾತು. ಆದ್ರೂ ಅವಗ ಫೋನ್ ಮಾಡ್ತೀರಿ. ನಾ ಇಲ್ಲೇನು? ನನಗ್ಯಾಕ ಮಾಡೂದಿಲ್ಲ?"

ಅವಳು ಕನ್ನಡಕ ಇಳಿಸಿ ನನ್ನನ್ನೇ ನೋಡಿದಳು. "ನೀವ ಹೇಳಿದ್ರೆಲ್ರಿ ಸರ್ರ, ದೊಡ್ಡದಿದ್ರ ಅಷ್ಟ ಫೋನ್ ಮಾಡ್ರಿ ಅಂತ. ನಾನರ ಎಷ್ಟು ದಿನ ನಿಮ್ಮ ಮಾತ ಮೀರ್ಲಿ? ನಿಮ್ಮ ಧ್ವನ್ಯಾಗ ಗೊತ್ತಾಗ್ತಿತ್ರಿ, ಸಿಟ್ಟು ತಡಕೊಂಡು ಮಾತಾಡಾಕತ್ತಾರ ಅಂತ. ಅಮರೇಶ ಬಂದ ಮ್ಯಾಲ ಸಣ್ಣದೆಲ್ಲ ಅವಗ ಹಚ್ಚಿದ್ವಿ. ದೊಡ್ಡದು ಬಂದ್ರ ಸರ್‌ಗ ಮಾಡೋಣಂತ ಕಾಯಾಕತ್ತೀವಿ. ಬರವಲ್ದು, ನಾವೇನ್ ಮಾಡೂಣು?" ಆಮೇಲೆ, ನಾನು ಬೇಜಾರಾದೆನೇನೋ ಎಂದುಕೊಂಡು ಸೇರಿಸಿದಳು: "ನೀವು ಒಳಗಿನ ದೇವ್ರು ಇದ್ದಂಗ ರೀ. ಅವ ಪಲ್ಲಕ್ಕಿ. ಸಣ್ಣಪುಟ್ಟದಕ್ಕ ಒಳಗಿನ ದೇವ್ರನ್ನ ಎಬ್ಬಸ್ತಾರೇ‌ನ್ರಿ? ಇವತ್ತಿಂದು ದೊಡ್ಡ ಕೆಲಸ, ಅದಕ್ಕ ನಿಮಗ ಗಂಟು."

ಅವಳು ಹೊಗಳಿದ್ದಳು. ಅದರಲ್ಲಿ ಕುಹಕ ಇರಲಿಲ್ಲ. ಆ ಹೊಗಳಿಕೆಯನ್ನು ಎತ್ತಿಕೊಂಡು ಬಸ್ಸು ಹತ್ತಿದವನಿಗೆ ನೆನಪಾದದ್ದು ಸಂತೆಕಲ್ಲೂರಿನ ಪಲ್ಲಕ್ಕಿ. ಅದು ಹಳ್ಳಕ್ಕೆ ಹೋಗಿ ಬರುವ ದಿನ ಅಜ್ಜಿ ಕಾಲು ಬಾತು ಗುಡಿಗೆ ಹೋಗಲಾರದೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಹೊತ್ತವರು ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದರು. ಅಜ್ಜಿ ಕೂತಲ್ಲಿಂದಲೇ ಕೈಚಾಚಿ ಮುಟ್ಟುತ್ತಿದ್ದಳು, ತನ್ನ ಮಂಡಿ, ಸೊಸೆ, ಎಮ್ಮೆ, ಎಲ್ಲದರ ತಕರಾರನ್ನೂ ಅಲ್ಲೇ ಸಲ್ಲಿಸುತ್ತಿದ್ದಳು. "ದೊಡ್ಡ ದೇವ್ರು ಗುಡಿಯಾಗ ಐತಿ ಬಿಡು" ಎನ್ನುತ್ತಿದ್ದಳು. "ಮನಿ ಮುಂದ ಬರೂದು ಸಣ್ಣದ." ಒಳಗಿನ ದೇವರಿಗೆ ದೊಡ್ಡ ಹೆಸರು, ದೊಡ್ಡ ಬಾಗಿಲು, ಕತ್ತಲೆ, ಒಂದು ಎಣ್ಣೆ ದೀಪ, ಮೇಲೆ ಬಾವಲಿಗಳು. ಎಮ್ಮೆಯ ಸುದ್ದಿ ಅದರ ತನಕ ಯಾರು ತರುತ್ತಾರೆ? ಪಲ್ಲಕ್ಕಿ ಹೊರಟ ಸಂಜೆ ವಾದ್ಯದ ಸದ್ದು ದೂರವಾಗುವುದನ್ನು ಕೇಳುತ್ತ ಅದಕ್ಕೂ ನನಗಾದದ್ದೇ ಆಗುತ್ತಿರಬಹುದು. ಬಸ್ಸಿನಲ್ಲಿ ಎರಡೂ ಗಂಟು ಮೂಸಿ ನೋಡಿದ್ದು ಇದೇ ಹೊತ್ತಿನಲ್ಲಿ.

ಅಮರೇಶ ಅಂಗಡಿಯಲ್ಲೇ ಇದ್ದ. ಬಿಳಿ ಗಂಟನ್ನು ಕೊಟ್ಟೆ. ಅವನು ತನ್ನದನ್ನು ಬಿಚ್ಚುವ ಮೊದಲು ನನ್ನ ತೋಳಿನಲ್ಲಿದ್ದ ನೀಲಿ ಗಂಟನ್ನು ನೋಡಿದ. ಆಮೇಲೆ ಬಿಚ್ಚಿ ನೋಡಿದ. "ಅಗಸಿ ಹಿಂಡಿ" ಎಂದ. "ನಿನ್ನದು?"

ಬಿಚ್ಚಿದೆ. ಶೇಂಗಾ ಹಿಂಡಿ. ಎಳ್ಳು ಹಚ್ಚಿದ ರೊಟ್ಟಿ.

ಅವನ ದುಂಡು ಮುಖ ಸ್ವಲ್ಪ ಉದ್ದವಾಯಿತು. "ನೋಡಪಾ, ನಿನಗ ಎಳ್ಳಿಂದು. ನನಗ ಇಷ್ಟ ವರ್ಷದಾಗ ಒಮ್ಮೆರ ಎಳ್ಳಿಂದು ಕೊಟ್ಟಿಲ್ಲ. ದಿನಾ ಕಾಡೂದು ನನಗ, ಎಳ್ಳು ನಿನಗ."

ನನಗೆ ಆದ ಸಂತೋಷವನ್ನು ಮುಚ್ಚಿಡಲು ಬಹಳ ಕಷ್ಟವಾಯಿತು. ಮುಚ್ಚಿಡದೆ ಎರಡು ರೊಟ್ಟಿ ತೆಗೆದು ಅವನ ಗಂಟಿಗೆ ಹಾಕಿದೆ, ಅವನ ಗಂಟಿನಿಂದ ಅಗಸೆಯ ಹಿಂಡಿ ತೆಗೆದುಕೊಂಡೆ. ಹಿಂಡಿ ಬಾಯಿಗಿಟ್ಟಾಗ ಅನಿಸಿತು: ಈ ಕೆಲಸಕ್ಕೆ ಸೇರಿದಾಗಿನಿಂದ ಎಲ್ಲರ ಸಣ್ಣಪುಟ್ಟ ಫೋನನ್ನೂ ಎತ್ತಿದೆ, ನಾನು ಮಾತ್ರ ಯಾರಿಗೂ ಒಂದು ಸಣ್ಣದಕ್ಕೆ ಫೋನು ಮಾಡಿದವನಲ್ಲ. ಅಲ್ಲೇ ನಿಂತು ಶಾಂತಕ್ಕನಿಗೆ ಫೋನು ಹಚ್ಚಿದೆ.

ಎತ್ತಿದವಳೇ ಗಾಬರಿಯಾದಳು. "ಏನ್ರೀ ಸರ್ರ, ಹೊಸಾ ಮಷಿನ್ನಿಗೆ ಏನರ ಆಗೇತೇನ್ರಿ?"

"ಏನೂ ಆಗಿಲ್ಲ ಅಕ್ಕಾ. ಗಂಟು ಮುಟ್ಟಿತು. ಈ ಅಗಸಿ ಹಿಂಡ್ಯಾಗ ಹುಣಸಿಹಣ್ಣು ಹಾಕ್ತೀರೇನು, ಕೇಳೋಣಂತ ಮಾಡಿದೆ."

"ಅಷ್ಟಕ್ಕ ಫೋನ್ ಮಾಡಿರೇನ್ರಿ?"

"ಹೂಂ. ಅಷ್ಟಕ್ಕ."

ಅವಳು ನಕ್ಕಳು. ಹುಣಸೆಹಣ್ಣು ಎಷ್ಟು, ಬೆಲ್ಲ ಎಷ್ಟು ಎಂದು ಹೇಳಿದಳು. ಹೇಳಿ ಫೋನು ಇಡಲಿಲ್ಲ. ದನಿ ತಗ್ಗಿಸಿ, "ಅಂದ್ಹಂಗ ಸರ್ರ, ನೀವ ಮಾಡಿರಂತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಈ ಹೊಸಾದ್ರಾಗ ಬಾಣ ಬಾಳ ಸಣ್ಣದೈತ್ರಿ. ಅದನ್ನ ದೊಡ್ಡದು ಮಾಡಾಕ ಬರ್ತೈತೇನ್ರಿ?"

ಅಮರೇಶ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕೈ ಚಾಚಿದ. "ಶಾಂತಕ್ಕನ? ಕೊಡಿಲ್ಲಿ, ನಾ ಹೇಳ್ತೀನಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಅವನಿಗೆ ಬೆನ್ನು ಕೊಟ್ಟು ನಿಂತೆ. "ಬರ್ತೈತಿ ಅಕ್ಕಾ" ಎಂದೆ, "ಅವಸರೇನಿಲ್ಲ. ಮೊದಲ ಹೇಳು, ಊಟ ಆತೇನು?"